ಕೈಗುಣ ಮತ್ತು ಕಲಿಕೆ: ನಿಜಾಮರ ನಾಡಿನ ಒಬ್ಬ ವೈದ್ಯಗುರುವಿನ ವೃತ್ತಾಂತ

ನಮ್ಮ ಸೀಮೆಯ ಜನರು ಒಬ್ಬ ವೈದ್ಯರನ್ನು ಮೆಚ್ಚಿದಾಗ ಅವರ ಪದವಿಗಳನ್ನು ಎಣಿಸುವುದಿಲ್ಲ. ‘ಅವರ ಕೈಗುಣ ಛಲೋ ಅದ’ ಎಂದಷ್ಟೇ ಹೇಳುತ್ತಾರೆ. ಸಿಂಧನೂರಿನ ಸಂತೆಯಲ್ಲಾಗಲಿ, ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಾಗಲಿ ಈ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಕೈಗುಣವು ಜನ್ಮತಃ ಬಂದದ್ದು, ಪೂರ್ವಪುಣ್ಯದ ಫಲ ಎಂಬ ಭಾವನೆ ಈ ಮಾತಿನ ಹಿಂದೆ ಅಡಗಿದೆ. ಪುಣ್ಯದ ಮಾತನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಆದರೆ ಕೈ ಕಲಿಯದೆ ಗುಣ ಕೂಡಿಬರುವುದಿಲ್ಲ. ಸೂಜಿ ಚುಚ್ಚುವ, ನಾಡಿ ಹಿಡಿಯುವ, ಗಾಯ ಹೊಲಿಯುವ ಪ್ರತಿಯೊಂದು ಕೈಯೂ ಒಂದು ದಿನ ಮೊದಲ ಬಾರಿಗೆ ನಡುಗುತ್ತ ಆ ಕೆಲಸವನ್ನು ಮಾಡಿರುತ್ತದೆ. ಆ ದಿನ ಅದರ ಮುಂದೆ ಯಾರೋ ಒಬ್ಬ ರೋಗಿ ಮಲಗಿದ್ದ. ಅದರ ಬೆನ್ನಿಗೆ ಯಾರೋ ಒಬ್ಬ ಗುರು ನಿಂತಿದ್ದ.

ಆ ಗುರು ಏನನ್ನು ಕಲಿಸಿದ, ಆ ಕಲಿಕೆಗಾಗಿ ಯಾರು ಏನನ್ನು ತೆತ್ತರು ಎಂಬುದನ್ನು ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ನಾವು ಕೇಳಿಕೊಳ್ಳಬೇಕಾಗಿದೆ. ನಾನು ವಾಣಿಜ್ಯಶಾಸ್ತ್ರ ಓದಿ ವ್ಯಾಪಾರ ಮಾಡಿದವನು, ವೈದ್ಯನಲ್ಲ. ಆದಕಾರಣ ಸಿದ್ಧಾಂತವನ್ನು ಬದಿಗಿಟ್ಟು, ನಮ್ಮ ನಾಡಿನ ಇತಿಹಾಸದಲ್ಲಿಯೇ ದೊರೆಯುವ ಒಬ್ಬ ವೈದ್ಯಗುರುವಿನ ವೃತ್ತಾಂತದ ಮೂಲಕ ಈ ವಿಷಯವನ್ನು ವಿಚಾರಿಸಲು ಯತ್ನಿಸಿದ್ದೇನೆ.

ನಮ್ಮ ಸೀಮೆ ಮತ್ತು ಹೈದರಾಬಾದಿನ ವೈದ್ಯಶಾಲೆ

ಇಂದು ರಾಯಚೂರು ಜಿಲ್ಲೆಗೆ ಸೇರಿದ ಲಿಂಗಸುಗೂರು, ಸಿಂಧನೂರು, ಮಸ್ಕಿ ಈ ಊರುಗಳೆಲ್ಲ ಹಿಂದೆ ನಿಜಾಮರ ಹೈದರಾಬಾದ್ ರಾಜ್ಯದಲ್ಲಿದ್ದವು. 1853ರ ಒಪ್ಪಂದದಂತೆ ರಾಯಚೂರು ದೋಆಬ್ ಪ್ರದೇಶವು ಕೆಲಕಾಲ ಇಂಗ್ಲಿಷರ ಆಡಳಿತಕ್ಕೆ ಹೋಗಿ 1860ರಲ್ಲಿ ಮರಳಿ ನಿಜಾಮರಿಗೆ ಸೇರಿತು. 1905ರವರೆಗೆ ಲಿಂಗಸುಗೂರು ಒಂದು ಜಿಲ್ಲೆಯೇ ಆಗಿತ್ತು. ಸಿಂಧನೂರು ಅದರ ತಾಲ್ಲೂಕಾಗಿತ್ತು. ಆ ವರ್ಷ ಜಿಲ್ಲೆಯನ್ನು ವಿಸರ್ಜಿಸಿ ಅದರ ತಾಲ್ಲೂಕುಗಳನ್ನು ನೆರೆಯ ಜಿಲ್ಲೆಗಳಿಗೆ ಹಂಚಲಾಯಿತು. 1956ರ ನವೆಂಬರ್ 1ರಂದು ಈ ಭಾಗ ಮೈಸೂರು ರಾಜ್ಯವನ್ನು ಕೂಡಿಕೊಂಡಿತು. ಇಂದಿಗೂ ನಮ್ಮ ಹಿರಿಯರು ಆಸ್ಪತ್ರೆಯನ್ನು ‘ದವಾಖಾನೆ’ ಎಂದು ಕರೆಯುವುದು ಆ ಕಾಲದ ಗುರುತು.

ಆ ರಾಜ್ಯದಲ್ಲಿ ಪಾಶ್ಚಾತ್ಯ ವೈದ್ಯವಿದ್ಯೆಯನ್ನು ಕಲಿಸುವುದಕ್ಕಾಗಿ 1846ರಲ್ಲಿ ಹೈದರಾಬಾದ್ ನಗರದಲ್ಲಿ ಒಂದು ವೈದ್ಯಶಾಲೆ ಆರಂಭವಾಯಿತು. ಇಂಗ್ಲಿಷ್ ರೆಸಿಡೆನ್ಸಿಯ ಸರ್ಜನ್ ಆಗಿದ್ದ ಮ್ಯಾಕ್ಲೀನ್ ಅದರ ಮೊದಲ ಮುಖ್ಯಸ್ಥ. ಪಾಠಗಳು ಉರ್ದೂ ಭಾಷೆಯಲ್ಲಿ ನಡೆಯುತ್ತಿದ್ದವು. ಕಲಿತು ಹೊರಬಂದವರಿಗೆ ‘ಹಕೀಮ್’ ಎಂಬ ಬಿರುದು. ವಿದ್ಯಾರ್ಥಿಗಳ ಕೈಗಳು ಪಳಗುತ್ತಿದ್ದುದು ಅಫ್ಜಲ್‌ಗಂಜ್ ಆಸ್ಪತ್ರೆಯಲ್ಲಿ. ಈ ಶಾಲೆಗೆ 1885ರಲ್ಲಿ ಎಡ್ವರ್ಡ್ ಲಾರಿ ಎಂಬ ಶಸ್ತ್ರವೈದ್ಯ ರೆಸಿಡೆನ್ಸಿ ಸರ್ಜನ್ ಆಗಿ ಬಂದು ಮುಖ್ಯಸ್ಥನಾದ. ಎಡಿನ್‌ಬರೋ ನಗರದ ಪ್ರಸಿದ್ಧ ಶಸ್ತ್ರವೈದ್ಯ ಜೇಮ್ಸ್ ಸೈಮ್ ಅವನ ಗುರು. ಹೈದರಾಬಾದಿಗೆ ಬರುವ ಮುನ್ನ ಅವನು ಲಾಹೋರಿನಲ್ಲಿ ಅಧ್ಯಾಪಕನಾಗಿದ್ದ. 1901ರವರೆಗೆ, ಸುಮಾರು ಹದಿನಾರು ವರ್ಷ, ಅವನು ಇಲ್ಲಿ ವಿದ್ಯಾರ್ಥಿಗಳಿಗೆ ಕಲಿಸಿದ. ಅವನ ಕಾಲದಲ್ಲಿ ಪಾಠದ ಭಾಷೆ ಇಂಗ್ಲಿಷಾಯಿತು, ಹೆಣ್ಣುಮಕ್ಕಳಿಗೆ ಶಾಲೆಯ ಬಾಗಿಲು ತೆರೆಯಿತು. ಅವನ ಕೀರ್ತಿಗೂ ಅವನ ಮೇಲಿನ ಟೀಕೆಗೂ ಕಾರಣವಾದದ್ದು ಒಂದೇ ಪಾಠ: ಕ್ಲೋರೋಫಾರಂ ಕೊಡುವ ಕ್ರಮ.

ಕೈ ಪಳಗಿಸುವ ಹಳೆಯ ದಾರಿ

ಗುರುವಿನ ಕಣ್ಣೆದುರು ಕೈ ಪಳಗಿಸುವ ಪದ್ಧತಿ ನಮ್ಮ ದೇಶಕ್ಕೆ ಹೊಸದಾಗಿರಲಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ‘ಯೋಗ್ಯಾ’ ಎಂಬ ಅಭ್ಯಾಸಕ್ರಮಕ್ಕಾಗಿಯೇ ಒಂದು ಅಧ್ಯಾಯವಿದೆ. ಶಾಸ್ತ್ರವನ್ನೆಲ್ಲ ಓದಿದ್ದರೂ ಕರ್ಮಾಭ್ಯಾಸವಿಲ್ಲದವನು ಚಿಕಿತ್ಸೆಗೆ ಅನರ್ಹನೆಂಬುದು ಅದರ ತಾತ್ಪರ್ಯ. ಕತ್ತರಿಸುವುದನ್ನು ಕುಂಬಳ, ಸೋರೆ, ಸೌತೆಕಾಯಿಗಳ ಮೇಲೆ ಕಲಿಯಬೇಕು. ಶಲಾಕೆಯಿಂದ ಶೋಧಿಸುವುದನ್ನು ಹುಳು ತಿಂದ ಮರದಲ್ಲಿ ಕಲಿಯಬೇಕು. ಹೊಲಿಗೆಯನ್ನು ದಪ್ಪ ಬಟ್ಟೆಯ ಅಂಚಿನ ಮೇಲೆ, ಪಟ್ಟಿ ಕಟ್ಟುವುದನ್ನು ಮನುಷ್ಯಾಕಾರದ ಬೊಂಬೆಯ ಮೇಲೆ ಅಭ್ಯಾಸ ಮಾಡಬೇಕು. ಸತ್ತ ಪ್ರಾಣಿಯ ರಕ್ತನಾಳಗಳನ್ನೂ ಅಲ್ಲಿ ಹೇಳಲಾಗಿದೆ. ಅದರ ಜೊತೆಯಲ್ಲಿಯೇ ಕಮಲದ ನಾಳವನ್ನೂ ಹೇಳಲಾಗಿದೆ. ತಪ್ಪುವ ಕೈ ಮೊದಲು ನೋವಿಲ್ಲದ ವಸ್ತುವಿನ ಮೇಲೆ ತಪ್ಪಲಿ, ನೋವುಳ್ಳ ದೇಹದ ಬಳಿಗೆ ಬರುವ ಹೊತ್ತಿಗೆ ಅದು ತಿದ್ದಿಕೊಂಡಿರಲಿ ಎಂಬ ವಿವೇಕ ಇಲ್ಲಿ ಸ್ಪಷ್ಟವಾಗಿದೆ.

ಕನ್ನಡ ನಾಡಿನ ಜೈನ ವೈದ್ಯಪರಂಪರೆಯೂ ಇದೇ ವಿವೇಕವನ್ನು ಬೇರೊಂದು ದಿಕ್ಕಿನಲ್ಲಿ ಬೆಳೆಸಿತು. ಉಗ್ರಾದಿತ್ಯಾಚಾರ್ಯರ ಸಂಸ್ಕೃತ ‘ಕಲ್ಯಾಣಕಾರಕ’, ಅದೇ ಹೆಸರಿನ ಪೂಜ್ಯಪಾದರ ಕೃತಿಯನ್ನು ಅನುಸರಿಸಿ ಜಗದ್ದಳ ಸೋಮನಾಥನು ಕನ್ನಡದಲ್ಲಿ ಬರೆದ ‘ಕರ್ನಾಟಕ ಕಲ್ಯಾಣಕಾರಕ’ ಇವುಗಳಲ್ಲಿ ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಚಿಕಿತ್ಸೆಯನ್ನು ಹೇಳಲಾಗಿದೆ. ಉಗ್ರಾದಿತ್ಯರು ನೃಪತುಂಗ ಅಮೋಘವರ್ಷನ ಆಸ್ಥಾನದಲ್ಲಿ ವೈದ್ಯರ ಸಭೆಯ ಮುಂದೆ ಮಾಂಸವು ಔಷಧವಲ್ಲವೆಂದು ವಾದಿಸಿದರೆಂಬ ಪ್ರಸಿದ್ಧಿಯಿದೆ. ಆ ಅರಸನ ರಾಜಧಾನಿ ಮಾನ್ಯಖೇಟ ನಮ್ಮ ಸೀಮೆಗೆ ದೂರವಲ್ಲ; ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವೇ ಅದು. ಒಬ್ಬನ ಆರೋಗ್ಯಕ್ಕಾಗಿ ಮತ್ತೊಂದು ಜೀವ ಏನನ್ನು ತೆರಬೇಕು ಎಂಬ ಪ್ರಶ್ನೆಯನ್ನು ಈ ನಾಡಿನಲ್ಲಿ ಸಾವಿರದ ನೂರು ವರ್ಷಗಳ ಹಿಂದೆಯೇ ಎತ್ತಲಾಗಿತ್ತು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಲಾರಿಯ ಕಥೆಯನ್ನು ನೋಡೋಣ.

ಉಸಿರಿನ ಪಕ್ಷ, ನಾಡಿಯ ಪಕ್ಷ

ಅರಿವಳಿಕೆ ಬರುವ ಮೊದಲು ಶಸ್ತ್ರಕ್ರಿಯೆ ಎಂದರೆ ನಾಲ್ವರು ಹಿಡಿದುಕೊಂಡು ಮಾಡುವ ಯಾತನೆಯಾಗಿತ್ತು. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಈಥರ್, 1847ರ ನವೆಂಬರಿನಲ್ಲಿ ಎಡಿನ್‌ಬರೋದಲ್ಲಿ ಜೇಮ್ಸ್ ಸಿಂಪ್ಸನ್‌ನ ಕೈಯಲ್ಲಿ ಕ್ಲೋರೋಫಾರಂ ಬಳಕೆಗೆ ಬಂದವು. ಕ್ಲೋರೋಫಾರಂ ಬೇಗ ಮಂಪರು ತರುತ್ತಿತ್ತು. ಬಟ್ಟೆಯ ಮೇಲೆ ಕೆಲವು ಹನಿ ಹಾಕಿ ಮೂಗಿನ ಬಳಿ ಹಿಡಿದರೆ ಸಾಕಾಗಿತ್ತು. ಆದರೆ ಮೂರೇ ತಿಂಗಳೊಳಗೆ, 1848ರ ಜನವರಿ 28ರಂದು, ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ ಹದಿನೈದು ವರ್ಷದ ಹ್ಯಾನಾ ಗ್ರೀನರ್ ಎಂಬ ಹುಡುಗಿ ಕಾಲುಬೆರಳಿನ ಉಗುರು ತೆಗೆಸಿಕೊಳ್ಳಲು ಹೋಗಿ ಕ್ಲೋರೋಫಾರಂ ಮೂಸಿದ ಕೆಲವೇ ನಿಮಿಷಗಳಲ್ಲಿ ಸತ್ತಳು. ಮುಂದೆಯೂ ಇಂತಹ ಸಾವುಗಳು ನಡೆದವು. ಉಗುರು, ಹಲ್ಲುಗಳಂತಹ ಸಣ್ಣ ಕೆಲಸಕ್ಕೆ ಬಂದ ಗಟ್ಟಿಮುಟ್ಟಾದವರೂ ಅವರಲ್ಲಿದ್ದರು ಎಂಬುದು ಎಲ್ಲರನ್ನೂ ಬೆಚ್ಚಿಬೀಳಿಸಿತು.

ಸಾವು ಎಲ್ಲಿಂದ ಬರುತ್ತದೆ? ಇದರಲ್ಲಿ ಎರಡು ಪಕ್ಷಗಳಾದವು. ಲಂಡನ್ ನಗರದ ಜಾನ್ ಸ್ನೋ ಐವತ್ತು ಸಾವುಗಳ ವಿವರ ಕಲೆಹಾಕಿ 1858ರಲ್ಲಿ ಗ್ರಂಥ ಬರೆದು, ದಟ್ಟವಾದ ಆವಿ ಹೃದಯವನ್ನೇ ನಿಲ್ಲಿಸುತ್ತದೆಂದು ಹೇಳಿದ. ಆ ಊರಿನ ಪದ್ಧತಿಯಲ್ಲಿ ಕ್ಲೋರೋಫಾರಂ ಕೊಡುವವನ ಬೆರಳು ಸದಾ ರೋಗಿಯ ನಾಡಿಯ ಮೇಲಿರಬೇಕು. ಎಡಿನ್‌ಬರೋದ ಸೈಮ್ ಹೇಳಿದ್ದು ಇದಕ್ಕೆ ವಿರುದ್ಧ: ನಾಡಿಯನ್ನು ಬಿಡು, ಉಸಿರನ್ನು ನೋಡು, ಉಸಿರು ಕೆಟ್ಟ ಮೇಲೆಯೇ ಹೃದಯ ಕೆಡುತ್ತದೆ, ಉಸಿರು ತೊಡಕಾದರೆ ನಾಲಗೆಯನ್ನು ಮುಂದಕ್ಕೆ ಎಳೆ. ಲಾರಿ ಈ ಪಾಠವನ್ನು ಗುರುವಿನಿಂದ ಪಡೆದು ಹಿಂದೂಸ್ಥಾನಕ್ಕೆ ತಂದ.

ಲಾರಿಯ ಪಾಠ

ಕಲಿಸುವವನಾಗಿ ಲಾರಿಯ ಶಕ್ತಿ ಇದ್ದದ್ದು ಸರಳತೆಯಲ್ಲಿ. ರೋಗಿಯನ್ನು ಅಂಗಾತ ಮಲಗಿಸಬೇಕು. ಕುತ್ತಿಗೆ, ಎದೆ, ಹೊಟ್ಟೆಗಳ ಮೇಲಿನ ಉಡುಪು ಸಡಿಲವಾಗಿರಬೇಕು. ಉಸಿರಾಟದ ಏರಿಳಿತ ಕಣ್ಣಿಗೆ ಕಾಣುತ್ತಿರಬೇಕು. ಶಸ್ತ್ರಕ್ರಿಯೆ ಬೆಳಿಗ್ಗೆ, ಊಟಕ್ಕೆ ಮುಂಚೆ ಆಗಬೇಕು. ಬಟ್ಟೆಯ ಶಂಕುವಿನಾಕಾರದ ಟೊಪ್ಪಿಗೆಯಲ್ಲಿ ಔಷಧ ಹಾಕಿ, ಗಾಳಿಯೂ ಬೆರೆಯುವಂತೆ ಮೂಗಿನ ಮುಂದೆ ಹಿಡಿಯಬೇಕು. ರೋಗಿ ಹೆದರಿ ಉಸಿರು ಕಟ್ಟಿದರೆ ಟೊಪ್ಪಿಗೆ ತೆಗೆಯಬೇಕು. ಏಕೆಂದರೆ ಕಟ್ಟಿದ ಉಸಿರಿನ ನಂತರ ಎಳೆಯುವ ದೀರ್ಘಶ್ವಾಸದಲ್ಲಿ ಅತಿಯಾದ ಆವಿ ಒಳಹೋಗುತ್ತದೆ. ಕಣ್ಣಿನ ಮೇಲ್ಮೈ ಸ್ಪರ್ಶಕ್ಕೆ ಮಿಡುಕದ ಹಂತ ಬಂದೊಡನೆ ಸಾಕು. ಇಷ್ಟು ಹೊತ್ತೂ ವಿದ್ಯಾರ್ಥಿಯ ದೃಷ್ಟಿ ಶಸ್ತ್ರವೈದ್ಯನ ಕತ್ತಿಯ ಕಡೆಗೆ ಹೊರಳಕೂಡದು. ಅದು ಉಸಿರಿನ ಮೇಲೆಯೇ ನೆಟ್ಟಿರಬೇಕು.

ಈ ಕೊನೆಯ ನಿಯಮವೇ ನನಗೆ ಬಹಳ ಮಹತ್ವದ್ದೆನಿಸುತ್ತದೆ. ಹದಿಹರೆಯ ದಾಟಿದ ಹುಡುಗನಿಗೆ ಶಸ್ತ್ರಕ್ರಿಯೆಯನ್ನು ನೋಡುವ ಕುತೂಹಲವಿರುತ್ತದೆ. ಆ ಕುತೂಹಲವನ್ನು ಹಿಡಿದಿಟ್ಟು, ಮಲಗಿದವನ ಎದೆಯ ಏರಿಳಿತದ ಮೇಲೆ ಅರ್ಧ ಗಂಟೆ ಗಮನವಿಡುವುದು ಒಂದು ಸಂಯಮ. ನಮ್ಮ ಶಾಸ್ತ್ರಗಳಲ್ಲಿ ‘ಅಪ್ರಮಾದ’ ಎಂದು ಕರೆಯುವುದು ಇಂತಹ ಎಚ್ಚರವನ್ನೇ. ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯನ್ನು ಮಾತ್ರ ಹೇಳದೆ ಪ್ರಮಾದವನ್ನು ಅದರ ಮೂಲದಲ್ಲಿಟ್ಟರು. ಕತ್ತಿ ಹಿಡಿದು ಕೊಯ್ಯುವ ವೈದ್ಯ ಎಚ್ಚರವಾಗಿದ್ದರೆ ಹಿಂಸಕನಲ್ಲ. ಕತ್ತಿಯನ್ನೇ ಮುಟ್ಟದೆ ರೋಗಿಯ ತಲೆಯ ಬಳಿ ಕುಳಿತು ಬೇರೆಡೆಗೆ ನೋಡುವವನು ಹಿಂಸೆಗೆ ಭಾಗಿ. ಲಾರಿ ತತ್ತ್ವಾರ್ಥಸೂತ್ರವನ್ನು ಓದಿರಲಾರ. ಆದರೆ ಅವನ ಶಾಲೆಯಲ್ಲಿ ಕ್ಲೋರೋಫಾರಂ ಕೊಡುವ ಹೊಣೆ ವಿದ್ಯಾರ್ಥಿಗಳ ಮೇಲೆಯೇ ಇತ್ತು. ಪ್ರಮಾದಕ್ಕೆ ಎಡೆಯಿಲ್ಲದಂತೆ ಅವರನ್ನು ತಿದ್ದುವುದು ಅವನಿಗೆ ಅನಿವಾರ್ಯವಾಗಿತ್ತು.

ಈ ತಿದ್ದುವಿಕೆಯ ಫಲವನ್ನು ಒಬ್ಬ ಶಿಷ್ಯೆಯಲ್ಲಿ ಕಾಣಬಹುದು. 1885ರಲ್ಲಿ ಶಾಲೆ ಸೇರಿದ ಐವರು ಮಹಿಳೆಯರಲ್ಲಿ ಪಾರ್ಸಿ ಸಮಾಜದ ರೂಪಾಬಾಯಿ ಫರ್ದೂನ್‌ಜಿ ಒಬ್ಬರು. 1889ರಲ್ಲಿ ಕಲಿಕೆ ಮುಗಿಸಿದ ಅವರು ಹೈದರಾಬಾದಿನ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ಅರಿವಳಿಕೆ ನೀಡಿದರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ವೈದ್ಯೆಯರ ಸಾಲಿನಲ್ಲಿ ಅವರ ಹೆಸರನ್ನು ಹೇಳುತ್ತಾರೆ. ಇಷ್ಟು ಅನುಭವವಾದ ಮೇಲೂ ಅವರು 1909ರಲ್ಲಿ ಎಡಿನ್‌ಬರೋಗೆ ಹೋಗಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನು ಓದಿ ಬಂದರು. ತಾನು ಕೊಡುತ್ತಿರುವ ಆವಿಯ ಸ್ವಭಾವವನ್ನು ಇನ್ನೂ ತಿಳಿಯಬೇಕೆಂಬ ಹಂಬಲ ಆ ಪ್ರಯಾಣದ ಹಿಂದೆ ಇದ್ದಿರಬೇಕು. ಗುರು ತನಗೆ ಎಲ್ಲ ತಿಳಿದಿದೆ ಎಂದು ನಿಂತಲ್ಲಿ ಶಿಷ್ಯೆ ಮತ್ತೆ ವಿದ್ಯಾರ್ಥಿನಿಯಾದದ್ದು ಗಮನಾರ್ಹ.

ಎರಡು ಆಯೋಗಗಳು

ತನ್ನ ಹಾಗೂ ತನ್ನ ಶಿಷ್ಯರ ಕೈಯಲ್ಲಿ ರೋಗಿಗಳು ಸಾಯುತ್ತಿಲ್ಲವೆಂಬ ಧೈರ್ಯದಿಂದ ಲಾರಿ ಲಂಡನ್ನಿನವರನ್ನು ಎದುರಿಸಿದ. 1888ರಲ್ಲಿ ನಿಜಾಮರ ಸರ್ಕಾರದ ಖರ್ಚಿನಲ್ಲಿ ಮೊದಲ ‘ಹೈದರಾಬಾದ್ ಕ್ಲೋರೋಫಾರಂ ಆಯೋಗ’ ಕುಳಿತಿತು. ನೂರಕ್ಕೂ ಹೆಚ್ಚು ನಾಯಿಗಳಿಗೆ ಸಾಯುವವರೆಗೆ ಕ್ಲೋರೋಫಾರಂ ಕೊಟ್ಟು ನೋಡಲಾಯಿತು. ಪ್ರತಿ ಸಲವೂ ಮೊದಲು ಉಸಿರು, ಆಮೇಲೆ ಹೃದಯ ನಿಂತಿತೆಂದು ವರದಿಯಾಯಿತು. ಲಂಡನ್ನಿನ ‘ಲಾನ್ಸೆಟ್’ ಪತ್ರಿಕೆ ಅದನ್ನು ನಂಬಲಿಲ್ಲ. ಆಗ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ಒಂದು ಸಾವಿರ ಪೌಂಡುಗಳನ್ನು ಕೊಟ್ಟು, ಪತ್ರಿಕೆಯೇ ತನ್ನ ಪ್ರತಿನಿಧಿಯನ್ನು ಕಳುಹಿಸಲೆಂದರು. ಪತ್ರಿಕೆ ಆರಿಸಿದ್ದು ಹೆಸರಾಂತ ಔಷಧಶಾಸ್ತ್ರಜ್ಞ ಲಾಡರ್ ಬ್ರಂಟನ್‌ನನ್ನು. ಅವನು ಹೃದಯದ ಅಪಾಯವನ್ನು ನಂಬಿದ್ದವನು.

1889ರ ಕೊನೆಯ ತಿಂಗಳುಗಳಲ್ಲಿ ಎರಡನೆಯ ಆಯೋಗ ಕೆಲಸ ಮಾಡಿತು. ಲಾರಿ, ಬ್ರಂಟನ್, ಬೊಮ್‌ಫರ್ಡ್ ಇವರೊಡನೆ ಡಾಕ್ಟರ್ ರುಸ್ತುಂಜಿ ಇದ್ದರು. ನಾಯಿ, ಮಂಗ, ಕುದುರೆ, ಆಡು, ಬೆಕ್ಕು, ಮೊಲ ಸೇರಿ ನಾನೂರಕ್ಕೂ ಹೆಚ್ಚು ಪ್ರಾಣಿಗಳು ಬಳಕೆಯಾದವು. ಬ್ರಂಟನ್ ತನ್ನ ಅಭಿಪ್ರಾಯವನ್ನು ಬದಲಿಸಿ, ಅಪಾಯ ಉಸಿರಿನಿಂದಲೇ ಎಂದು ಲಂಡನ್ನಿಗೆ ತಂತಿ ಕಳುಹಿಸಿದ. ಲಾರಿಗೆ ಅದು ದಿಗ್ವಿಜಯವಾಗಿ ಕಂಡಿತು. ಕ್ಲೋರೋಫಾರಂ ಕೊಡುವವನು ಉಸಿರೊಂದನ್ನೇ ಪ್ರಮಾಣವೆಂದು ತಿಳಿಯಬೇಕೆಂಬ ನಿಯಮ ವರದಿಯ ಮೂಲಕ ಜಗತ್ತಿಗೆ ಸಾರಲ್ಪಟ್ಟಿತು.

ಆದರೆ ವಾದ ಮುಗಿಯಲಿಲ್ಲ. 1890ರ ದಶಕದಲ್ಲಿಯೇ ಕೇಂಬ್ರಿಜ್‌ನ ಗ್ಯಾಸ್ಕೆಲ್ ಮತ್ತು ಶೋರ್ ಎಂಬ ಶರೀರಶಾಸ್ತ್ರಜ್ಞರು ಕ್ಲೋರೋಫಾರಂ ಹೃದಯವನ್ನು ನೇರವಾಗಿಯೂ ಕುಗ್ಗಿಸುತ್ತದೆಂದು ತೋರಿಸಿದರು. 1911ರಲ್ಲಿ ಗುಡ್‌ಮನ್ ಲೆವಿ ಎಂಬವನು ಬೆಕ್ಕುಗಳ ಮೇಲಿನ ಪ್ರಯೋಗಗಳಿಂದ, ಅರಿವಳಿಕೆ ಹಗುರವಾಗಿರುವಾಗ ಭಯ ಅಥವಾ ನೋವಿನ ಉದ್ವೇಗ ಬಂದರೆ ಹೃದಯದ ಸ್ನಾಯುಗಳು ಒಮ್ಮೆಲೇ ತಾಳತಪ್ಪಿ ಅದುರಿ ನಿಲ್ಲಬಹುದೆಂದು ಸಿದ್ಧಪಡಿಸಿದ. ಉಗುರು ತೆಗೆಸಲು ಬಂದವರು ಸಾಯುತ್ತಿದ್ದ ರಹಸ್ಯ ಇಲ್ಲಿತ್ತು. ಹೈದರಾಬಾದಿನ ಪ್ರಾಣಿಗಳಿಗೆ ಆಳವಾದ ಅರಿವಳಿಕೆ ಕೊಡಲಾಗಿತ್ತು. ಅಲ್ಲಿ ಉಸಿರೇ ಮೊದಲು ನಿಲ್ಲುವುದು ಸಹಜ. ಹಗುರವಾದ ಅರಿವಳಿಕೆಯ ಅಪಾಯ ಅವರ ಪ್ರಶ್ನೆಯೊಳಗೇ ಇರಲಿಲ್ಲವಾದ್ದರಿಂದ ಉತ್ತರದೊಳಗೂ ಬರಲಿಲ್ಲ. ಲಾರಿಯ ಶಿಷ್ಯರು ಸಮವಾಗಿ, ಗಾಬರಿಪಡಿಸದೆ, ಸಾಕಷ್ಟು ಆಳಕ್ಕೆ ಕೊಂಡೊಯ್ಯುತ್ತಿದ್ದುದರಿಂದ ಅವರ ರೋಗಿಗಳು ಆ ಗಂಡಾಂತರದಿಂದ ಬಹುಮಟ್ಟಿಗೆ ಪಾರಾದರು ಎನ್ನಬಹುದು. ಕೈಯ ಪಾಠ ಸರಿಯಿತ್ತು. ಅದಕ್ಕೆ ಕೊಟ್ಟ ಕಾರಣ ಅರ್ಧವಾಗಿತ್ತು.

ಒಂದು ಕಣ್ಣಿನ ಸತ್ಯ

ಇದನ್ನು ಓದುವಾಗ ನಮ್ಮ ಅನೇಕಾಂತ ದೃಷ್ಟಿ ನೆನಪಾಗದಿರದು. ಉಸಿರಿನ ಪಕ್ಷದಲ್ಲಿ ಸತ್ಯವಿತ್ತು, ನಾಡಿಯ ಪಕ್ಷದಲ್ಲಿಯೂ ಇತ್ತು. ವಸ್ತುವಿನ ಒಂದು ಮುಖವನ್ನು ಹಿಡಿಯುವುದು ನಯ. ಅದರಲ್ಲಿ ದೋಷವಿಲ್ಲ, ಅದಿಲ್ಲದೆ ಕೆಲಸವೂ ನಡೆಯದು. ಆದರೆ ಉಳಿದ ಮುಖಗಳನ್ನು ಅಲ್ಲಗಳೆದೊಡನೆ ಅದು ದುರ್ನಯವಾಗುತ್ತದೆಂದು ನಮ್ಮ ಆಚಾರ್ಯರು ಎಚ್ಚರಿಸಿದ್ದಾರೆ. ಉಸಿರನ್ನು ನೋಡು ಎಂದು ಲಾರಿ ಹೇಳಿದಾಗ ಅವನು ಉತ್ತಮ ಗುರು. ನಾಡಿಯನ್ನು ನೋಡಲೇಬೇಡ ಎಂದಾಗ ಅವನ ಗುರುತ್ವಕ್ಕೆ ಗ್ರಹಣ ಹಿಡಿಯಿತು. ಇದೇ ಹಟ ಮತ್ತೊಂದು ವಿಷಯದಲ್ಲಿಯೂ ಕಂಡಿತು. ಮಲೇರಿಯಾ ರೋಗಿಯ ರಕ್ತದಲ್ಲಿ ಪರೋಪಜೀವಿಯಿದೆ ಎಂಬುದನ್ನು ಲಾರಿ ಒಪ್ಪಲಿಲ್ಲ. ಅವನ ಹೈದರಾಬಾದಿಗೆ ತಾಗಿಕೊಂಡಿರುವ ಸಿಕಂದರಾಬಾದಿನಲ್ಲಿಯೇ 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಆ ಜೀವಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡುಹಿಡಿದ.

ವ್ಯಾಪಾರಿಯಾದ ನನಗೆ ಇದು ಜಮೆಯನ್ನು ಮಾತ್ರ ಬರೆದು ಖರ್ಚನ್ನು ಬರೆಯದ ಖಾತೆಯಂತೆ ತೋರುತ್ತದೆ. ಬರೆದ ಅಂಕಿಗಳೆಲ್ಲ ಸರಿಯಾಗಿಯೇ ಇರಬಹುದು. ಖಾತೆ ಮಾತ್ರ ಸುಳ್ಳು. ಗುರುವಿನ ಸ್ಥಾನದಲ್ಲಿರುವವನ ಅರ್ಧಸತ್ಯ ಸಾಮಾನ್ಯನ ಅರ್ಧಸತ್ಯಕ್ಕಿಂತ ಭಾರವಾದದ್ದು. ಏಕೆಂದರೆ ಅದು ನೂರು ಶಿಷ್ಯರ ಕೈಗಳ ಮೂಲಕ ಸಾವಿರ ರೋಗಿಗಳನ್ನು ಮುಟ್ಟುತ್ತದೆ.

ಮೂಕಜೀವಿಗಳ ಲೆಕ್ಕ

ಈ ಖಾತೆಯಲ್ಲಿ ಬರೆಯದೆ ಉಳಿದ ಖರ್ಚಿನಲ್ಲಿ ಆ ನಾಯಿ, ಮಂಗ, ಬೆಕ್ಕುಗಳೂ ಸೇರಿವೆ. ಅವುಗಳ ಪ್ರಾಣದಿಂದ ಮನುಷ್ಯರ ಪ್ರಾಣ ಉಳಿಯಿತಲ್ಲವೇ ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು, ಲೆವಿಯ ಬೆಕ್ಕುಗಳು ಸಾಯದಿದ್ದರೆ ಹೃದಯದ ಅಪಾಯ ಎಂದು ತಿಳಿಯುತ್ತಿತ್ತೋ ಹೇಳಲಾಗದು. ಶ್ರಾವಕನ ಜೀವನದಲ್ಲಿ ಆರಂಭೀ, ಉದ್ಯೋಗೀ ಹಿಂಸೆಗಳು ಪೂರ್ತಿಯಾಗಿ ತಪ್ಪುವುದಿಲ್ಲವೆಂದು ಶಾಸ್ತ್ರವೇ ಒಪ್ಪುತ್ತದೆ. ಆದರೆ ಹೈದರಾಬಾದಿನ ಪ್ರಯೋಗಗಳಲ್ಲಿ ಬಹುಭಾಗ ಒಂದು ಪಕ್ಷ ಗೆಲ್ಲುವುದಕ್ಕಾಗಿ ನಡೆದವು. ಮೊದಲೇ ನಿಶ್ಚಯಿಸಿಕೊಂಡ ಉತ್ತರವನ್ನು ಮತ್ತೆ ಮತ್ತೆ ತೋರಿಸುವುದಕ್ಕೆ ನಾನೂರು ಜೀವಗಳು ಬೇಕಿದ್ದವೇ? ಅವಶ್ಯಕತೆಯಿಂದ ಆದ ಹಿಂಸೆಗೂ ಅಹಂಕಾರದಿಂದ ಆದ ಹಿಂಸೆಗೂ ಇರುವ ಅಂತರವನ್ನು ಇಲ್ಲಿ ಗುರುತಿಸಬೇಕು. ಎರಡನೆಯದರಲ್ಲಿ ಕಷಾಯ ಬೆರೆತಿದೆ.

ಆಶ್ಚರ್ಯವೆಂದರೆ, ಆ ಪ್ರಯೋಗಗಳು ನಡೆಯುತ್ತಿದ್ದಾಗ ಅದೇ ನಿಜಾಮರ ರಾಜ್ಯದ ಮಸ್ಕಿಯಲ್ಲಿ ಅಶೋಕ ಚಕ್ರವರ್ತಿಯ ಬಂಡೆಶಾಸನ ಯಾರ ಗಮನಕ್ಕೂ ಬಾರದೆ ಮಲಗಿತ್ತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅದನ್ನು ಕಂಡುಹಿಡಿದ; ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಆ ಶಾಸನದಿಂದ ಖಚಿತವಾಯಿತು. ಅಲ್ಪನೂ ಧರ್ಮಯುಕ್ತನಾದರೆ ಉನ್ನತಿಯನ್ನು ಪಡೆಯಬಲ್ಲ, ಅದು ದೊಡ್ಡವರಿಗೆ ಮಾತ್ರ ಮೀಸಲಲ್ಲ ಎಂಬುದು ಅದರ ಸಾರ. ಅದೇ ಅರಸನ ದೊಡ್ಡ ಬಂಡೆಶಾಸನಗಳು ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿವೆ. ಅವುಗಳಲ್ಲಿ ಒಂದು ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡನ್ನು ಒಟ್ಟಿಗೆ ಹೇಳುತ್ತದೆ. ಇನ್ನೊಂದು ಅರಮನೆಯ ಅಡುಗೆಮನೆಯಲ್ಲಿ ಪ್ರತಿದಿನ ಕೊಲ್ಲುತ್ತಿದ್ದ ಪ್ರಾಣಿಗಳು ಈಗ ಎಷ್ಟಕ್ಕೆ ಇಳಿದಿವೆ, ಮುಂದೆ ಅದೂ ನಿಲ್ಲಲಿದೆ ಎಂದು ಲೆಕ್ಕ ಕೊಡುತ್ತದೆ. ಒಬ್ಬ 'ಸಾರ್ವಭೌಮನು ತನ್ನ ಮನೆಯ ಹಿಂಸೆಯ ಲೆಕ್ಕವನ್ನು ಕಲ್ಲಿನ ಮೇಲೆ ಬರೆಸಿದ್ದು ಲೋಕದಲ್ಲಿ ಅಪರೂಪ. ವಿದ್ಯೆಗಾಗಿ ಹಿಂಸೆ ಅನಿವಾರ್ಯವೆನ್ನುವವರು ಕಡೆಯಪಕ್ಷ ಆ ಲೆಕ್ಕವನ್ನಾದರೂ ಇಡಬೇಕು, ವರ್ಷದಿಂದ ವರ್ಷಕ್ಕೆ ಅದನ್ನು ಇಳಿಸುತ್ತ ಬರಬೇಕು.

ಮುಂದಿನ ಕಾಲ

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಮಹಾಪೂರ ಅಫ್ಜಲ್‌ಗಂಜ್ ಆಸ್ಪತ್ರೆಯನ್ನು ನಾಶಮಾಡಿತು. ಮುಂದೆ ಉಸ್ಮಾನಿಯಾ ಆಸ್ಪತ್ರೆ ಎದ್ದಿತು. ಹಳೆಯ ವೈದ್ಯಶಾಲೆ ಉಸ್ಮಾನಿಯಾ ವೈದ್ಯಕೀಯ ಕಾಲೇಜಾಯಿತು. ನಮ್ಮ ಭಾಗದ ವಿದ್ಯಾರ್ಥಿಗಳಿಗೆ 1961ರಲ್ಲಿ ಬಳ್ಳಾರಿಯ, 1963ರಲ್ಲಿ ಕಲಬುರಗಿಯ ವೈದ್ಯಕೀಯ ಕಾಲೇಜುಗಳು ಹತ್ತಿರವಾದವು. 2007ರಲ್ಲಿ ರಾಯಚೂರಿನಲ್ಲಿಯೇ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾಯಿತು. ಕ್ಲೋರೋಫಾರಂ ಇಂದು ಶಸ್ತ್ರಕ್ರಿಯೆಯಿಂದ ಮರೆಯಾಗಿದೆ.

ಉಸಿರು, ನಾಡಿಗಳ ವ್ಯಾಜ್ಯವೂ ವಿಚಿತ್ರ ರೀತಿಯಲ್ಲಿ ಬಗೆಹರಿಯಿತು. 1970ರ ದಶಕದಲ್ಲಿ ಜಪಾನಿನ ತಕುಓ ಅಯೊಯಗಿ ಎಂಬ ಎಂಜಿನಿಯರ್ ರೂಪಿಸಿದ ತತ್ತ್ವದ ಮೇಲೆ ‘ಪಲ್ಸ್ ಆಕ್ಸಿಮೀಟರ್’ ಬಳಕೆಗೆ ಬಂತು. 2020ರ ಕೊರೊನಾ ಕಾಲದಲ್ಲಿ ಅದು ನಮ್ಮ ಹಳ್ಳಿಹಳ್ಳಿಗೂ ತಲುಪಿತು. ಬೆರಳಿಗೆ ಸಿಕ್ಕಿಸುವ ಆ ಸಣ್ಣ ಸಾಧನದಲ್ಲಿ ಒಂದು ಅಂಕಿ ನಾಡಿಯದು, ಮತ್ತೊಂದು ಉಸಿರು ರಕ್ತಕ್ಕೆ ತಂದುಕೊಟ್ಟ ಆಮ್ಲಜನಕದ್ದು. ಲಂಡನ್ನಿನವರೂ ಲಾರಿಯೂ ಎಷ್ಟೋ ವರ್ಷ ಕಾದಾಡಿದ ಎರಡು ಪಕ್ಷಗಳು ಒಂದೇ ಗೇಣಗಲದ ಒಳಗೆ ಪಕ್ಕಪಕ್ಕದಲ್ಲಿ ಕುಳಿತಿವೆ.

ಕಲಿಸುವ ಕ್ರಮವೂ ಸುಶ್ರುತನ ಬೊಂಬೆಯ ಕಡೆಗೆ ತಿರುಗಿದೆ. ಭಾರತೀಯ ವೈದ್ಯಕೀಯ ಪರಿಷತ್ತು 2019ರಲ್ಲಿ ತಂದ ಹೊಸ ಪಠ್ಯಕ್ರಮದಲ್ಲಿ, ವಿದ್ಯಾರ್ಥಿ ಏನನ್ನು ಓದಿದ್ದಾನೆ ಎಂಬುದರ ಜೊತೆಗೆ ಏನನ್ನು ಮಾಡಬಲ್ಲ ಎಂಬುದನ್ನೂ ಪರೀಕ್ಷಿಸಬೇಕೆಂದಿದೆ. ಕಾಲೇಜುಗಳಲ್ಲಿ ಕೌಶಲ ಪ್ರಯೋಗಾಲಯಗಳಿರಬೇಕು; ಬೊಂಬೆಗಳ ಮೇಲೆ ಕೈ ಪಳಗಿಸಬೇಕು; ರೋಗಿಯೊಡನೆ ಮಾತನಾಡುವ ರೀತಿನೀತಿಯನ್ನೂ ಕಲಿಸಬೇಕು.

ನಮ್ಮ ಪಾಲಿನ ಋಣ

ಆದರೂ ಕೊನೆಯ ಪಾಠ ಜೀವಂತ ದೇಹದ ಬಳಿಯಲ್ಲಿಯೇ ಆಗಬೇಕು. ಆ ದೇಹ ಬಹುತೇಕ ಬಡವನದು. ಉಳ್ಳವರು ಖಾಸಗಿ ಕೋಣೆಗಳಿಗೆ ಹೋಗುತ್ತಾರೆ; ಮಸ್ಕಿಯ ಕೂಲಿಯವನು, ಸಿಂಧನೂರಿನ ಭತ್ತದ ಗದ್ದೆಯ ಆಳು ಬೋಧನಾಸ್ಪತ್ರೆಯ ಸಾಮಾನ್ಯ ವಾರ್ಡಿಗೆ ಹೋಗುತ್ತಾರೆ. ಕೆಲವು ವರ್ಷಗಳ ಹಿಂದೆ ನಮ್ಮ ಅಂಗಡಿಯ ಹಮಾಲರೊಬ್ಬರನ್ನು ಹೊಟ್ಟೆನೋವಿಗಾಗಿ ಅಂತಹ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅಧ್ಯಾಪಕರ ಹಿಂದೆ ಬಂದ ಏಳೆಂಟು ವಿದ್ಯಾರ್ಥಿಗಳು ಸರದಿಯಂತೆ ಅವರ ಹೊಟ್ಟೆಯನ್ನು ಒತ್ತಿ ನೋಡಿದರು. ಯಾರೂ ಹೆಸರು ಕೇಳಲಿಲ್ಲ. ಕೊನೆಯಲ್ಲಿದ್ದ ಹುಡುಗಿ ಮಾತ್ರ ತನ್ನ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು, ‘ಕಾಕಾ, ಮುಟ್ಟಲೇನ್ರಿ? ನೋವಾದರ ಹೇಳ್ರಿ’ ಎಂದಳು. ಅವರು ತಲೆಯಾಡಿಸಿದರು. ಆ ಮಗುವಿಗೆ ಇದನ್ನು ಯಾವ ಗುರು ಕಲಿಸಿದರೋ ತಿಳಿಯದು; ಕೈಗುಣದ ಆರಂಭ ಅಲ್ಲಿದೆ ಎಂದು ನನಗನ್ನಿಸಿತು.

ನಮ್ಮ ಸಮಾಜದಿಂದ ಪ್ರತಿವರ್ಷ ಮಕ್ಕಳು ವೈದ್ಯಕೀಯ ಕಾಲೇಜುಗಳಿಗೆ ಹೋಗುತ್ತಿದ್ದಾರೆ. ಅವರ ಕೈಗಳು ಪಳಗುವುದು ಇಂತಹ ಬಡವರ ದೇಹಗಳ ಮೇಲೆ. ಇದು ದಾನವಾಗಿ ಬಂದದ್ದು. ಆದರೆ ದಾನಿಯ ಹೆಸರು ಯಾವ ಫಲಕದ ಮೇಲೂ ಇಲ್ಲ. ಈ ಋಣವನ್ನು ತೀರಿಸುವ ದಾರಿಗಳನ್ನು ಬಸದಿಯ ಟ್ರಸ್ಟುಗಳು ವಿಚಾರಿಸಬಹುದು. ಔಷಧದಾನ, ಅಭಯದಾನಗಳು ನಮಗೆ ಹೊಸತಲ್ಲ. ದೂರದ ತಾಲ್ಲೂಕುಗಳಿಂದ ಆಸ್ಪತ್ರೆಗೆ ಬಂದ ರೋಗಿಗಳ ಮನೆಯವರಿಗೆ ರಾಯಚೂರಿನಲ್ಲಿ ಒಂದು ರಾತ್ರಿ ತಂಗಲು ಸ್ಥಳ, ಒಂದು ಹೊತ್ತಿನ ಊಟ ಒದಗಿಸುವುದು ಅಂತಹ ಒಂದು ದಾರಿ. ಎದೆ ಒತ್ತಿ ಉಸಿರು ಮರಳಿಸುವ ಪ್ರಥಮಚಿಕಿತ್ಸೆಯನ್ನು ಕಲಿಸುವ ಬೊಂಬೆಯೊಂದನ್ನು ಕೊಂಡು, ಸಿಂಧನೂರು, ಲಿಂಗಸುಗೂರುಗಳಲ್ಲಿ ವರ್ಷಕ್ಕೆರಡು ಸಲ ಯುವಕರಿಗೆ ತರಬೇತಿ ಕೊಡಿಸುವುದು ಮತ್ತೊಂದು. ಇಷ್ಟವುಳ್ಳ ಹಿರಿಯರು ಮರಣಾನಂತರ ತಮ್ಮ ದೇಹವನ್ನು ಅಂಗರಚನಾಶಾಸ್ತ್ರದ ವಿಭಾಗಕ್ಕೆ ಕೊಡುವ ವಿಚಾರವನ್ನೂ ಮಾಡಬಹುದು. ಜೀವ ಹೊರಟುಹೋದ ಪುದ್ಗಲದಿಂದ ಒಬ್ಬ ವಿದ್ಯಾರ್ಥಿ ನೋವಿಲ್ಲದೆ ಕಲಿಯುವಂತಾದರೆ ಅದರಲ್ಲಿ ಧರ್ಮಕ್ಕೆ ಹಾನಿಯಿಲ್ಲವೆಂಬುದು ನನ್ನ ಅಭಿಪ್ರಾಯ. ಒಪ್ಪದವರೊಡನೆ ಚರ್ಚಿಸಲು ಸಿದ್ಧನಿದ್ದೇನೆ.

ಇನ್ನು ವೈದ್ಯಕೀಯ ಓದುವ ನಮ್ಮ ಮಕ್ಕಳಿಗೆ ಮನೆಯ ಹಿರಿಯರು ಹೇಳಬೇಕಾದದ್ದು ಬಹಳವಿಲ್ಲ. ನಿನ್ನ ಗುರುವಿನಿಂದ ಎಚ್ಚರವನ್ನು ಕಲಿ. ಗುರುವಿನ ಹಟವನ್ನು ಕಲಿಯಬೇಡ. ಉಸಿರನ್ನೂ ನೋಡು, ನಾಡಿಯನ್ನೂ ನೋಡು. ಮುಟ್ಟುವ ಮೊದಲು ಆ ಮನುಷ್ಯನ ಹೆಸರನ್ನು ಕೇಳು.